ಹಳೇ ಸ್ಕಿಡ್ಡರ್ ಕೊಳ್ಳುವವರು ಮೊದಲು ಎಲ್ಲಿ ನೋಡುತ್ತಾರೆ?

ನಮ್ಮೂರ ಕಡೆ ಹಳೇ ಟ್ರಾಕ್ಟರ್ ಕೊಳ್ಳಲು ಹೊರಟವರು ಪರಿಚಯದ ಮೆಕ್ಯಾನಿಕ್ ಒಬ್ಬನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋಗುತ್ತಾರೆ. ಬಣ್ಣ ಹೊಸದಾಗಿದ್ದಷ್ಟೂ ಆತನಿಗೆ ಅನುಮಾನ ಜಾಸ್ತಿ. ಅಮೆರಿಕ, ಕೆನಡಾದ ಕಾಡುಗಳಲ್ಲಿ ಮರ ಕಡಿಯುವ ಸಣ್ಣ ಗುತ್ತಿಗೆದಾರರೂ ಹಳೇ ಸ್ಕಿಡ್ಡರ್ ಮುಂದೆ ನಿಂತಾಗ ಇದೇ ಕಣ್ಣಿನಿಂದ ನೋಡುತ್ತಾರೆ. ಆದರೆ ಅವರು ನೋಡುವ ಒಂದೊಂದು ಜಾಗದ ಹಿಂದೆಯೂ ಒಂದೊಂದು ಕಥೆ ಇದೆ. ಅದನ್ನು ಕೆದಕೋಣ ಅನ್ನಿಸಿತು.

ಸ್ಕಿಡ್ಡರ್ ಅಂದರೆ ಕಡಿದ ದಿಮ್ಮಿಯನ್ನು ಕಾಡಿನೊಳಗಿಂದ ಲಾರಿ ನಿಲ್ಲುವ ಜಾಗಕ್ಕೆ ಎಳೆದು ತರುವ ಯಂತ್ರ. ನಮ್ಮ ಮಲೆನಾಡಿನಲ್ಲಿ ನಾಟಾ ಎಳೆಯುವ ಈ ಕೆಲಸವನ್ನು ಆನೆ, ಕೋಣಗಳು ಮಾಡುತ್ತಿದ್ದವು. ಅಲ್ಲಿ ಎತ್ತು, ಕುದುರೆಗಳು. ಚಳಿಗಾಲದಲ್ಲಿ ಹಿಮದ ದಾರಿಗೆ ನೀರು ಚಿಮುಕಿಸಿ ಗಾಜಿನಂತೆ ಗಟ್ಟಿ ಮಾಡಿ, ಜಾರುಬಂಡಿಗಳಲ್ಲಿ ದಿಮ್ಮಿ ಸಾಗಿಸುತ್ತಿದ್ದರು. ಹಿಮ ಕರಗಿತೆಂದರೆ ಕೆಲಸವೂ ನಿಂತಂತೆ. 1870ರ ದಶಕದಲ್ಲಿ ಮಿಷಿಗನ್‌ನ ಮ್ಯಾನಿಸ್ಟೀ ಎಂಬ ಊರಿನ ಬಂಡಿ ಮಾಡುವವ ಸೈಲಸ್ ಓವರ್‌ಪ್ಯಾಕ್ ಆಳೆತ್ತರವನ್ನೂ ಮೀರಿದ ದೊಡ್ಡ ಚಕ್ರಗಳ ಜೋಡಿ ಮಾಡಿ ಮಾರತೊಡಗಿದ. ದಿಮ್ಮಿಯ ಮುಂತುದಿಯನ್ನು ಅಚ್ಚಿನ ಕೆಳಗೆ ನೇತುಹಾಕಿದರೆ ಅದು ನೆಲಕ್ಕೆ ನಾಟಿಕೊಳ್ಳದೆ ಬೇಸಿಗೆಯಲ್ಲೂ ಬರುತ್ತಿತ್ತು. ಇವತ್ತಿನ ಸ್ಕಿಡ್ಡರಿನ ಬೆನ್ನಿನ ಮೇಲಿರುವ ಕಮಾನು ಮಾಡುವುದೂ ಅದನ್ನೇ.

ಮುಂದೆ ಉಗಿ ಯಂತ್ರ ಬಂತು, ಆಮೇಲೆ ಸರಪಳಿ ಚಕ್ರದ ಟ್ರಾಕ್ಟರ್ ಬಂತು. ನಿಜವಾದ ತಿರುವು 1950ರ ದಶಕದ್ದು. ಕೆನಡಾದ ಒಂಟಾರಿಯೋದಲ್ಲಿ ಟಿಂಬರ್‌ಜ್ಯಾಕ್, ವಾಷಿಂಗ್ಟನ್ ರಾಜ್ಯದಲ್ಲಿ ಗ್ಯಾರೆಟ್ ಕಂಪನಿಯ ಟ್ರೀ ಫಾರ್ಮರ್ ಮುಂತಾದವು ಹುಟ್ಟಿಕೊಂಡವು. ನಾಲ್ಕು ದೊಡ್ಡ ರಬ್ಬರ್ ಚಕ್ರ, ನಾಲ್ಕಕ್ಕೂ ಎಂಜಿನ್ ಬಲ, ನಡುವೆ ಒಂದು ಕೀಲು. ತಿರುಗುವಾಗ ಚಕ್ರ ವಾಲುವುದಿಲ್ಲ, ಇಡೀ ಗಾಡಿಯೇ ಸೊಂಟ ಬಳುಕಿಸುತ್ತದೆ. 1965ರಲ್ಲಿ ಜಾನ್ ಡಿಯರ್ ತನ್ನ 440 ತಂದಿತು, 1971ರಲ್ಲಿ ಕ್ಯಾಟರ್‌ಪಿಲ್ಲರ್ 518 ಬಂತು. ಕ್ಲಾರ್ಕ್ ಕಂಪನಿಯ ರೇಂಜರ್, ಫ್ರಾಂಕ್ಲಿನ್ ಹೀಗೆ ಹೆಸರುಗಳು ಸಾಲುಗಟ್ಟಿದವು. ಕುದುರೆ ಸಾಕಿದ್ದವರು ಸಾಲ ಮಾಡಿ ಕಬ್ಬಿಣ ಕೊಂಡರು.

ಹಾಗಾಗಿ ಹಳೇ ಗಾಡಿ ನೋಡುವವರು ಮೊದಲು ಬಗ್ಗುವುದು ಆ ಸೊಂಟದ ಕೀಲಿನ ಹತ್ತಿರ. ಬ್ಲೇಡನ್ನು ನೆಲಕ್ಕೆ ಒತ್ತಿ ಗಾಡಿಯ ಮುಂಭಾಗ ಎತ್ತಿದಾಗ ಪಿನ್ನು, ಬುಷ್ಷು ಎಷ್ಟು ಅಲ್ಲಾಡುತ್ತವೆ ಅಂತ ಗೊತ್ತಾಗುತ್ತದೆ. ಮೀಟರು ಸುಳ್ಳು ಹೇಳಬಹುದು, ಸವೆದ ಪೆಡಲು ಹೇಳುವುದಿಲ್ಲ. ಆಕ್ಸಲ್ ಹಬ್ಬಿನಲ್ಲಿ ಆಯಿಲ್ ಸೋರಿದೆಯೇ, ವಿಂಚ್ ಭಾರ ಹಿಡಿದು ನಿಲ್ಲುತ್ತದೆಯೇ, ಟೈರು ಎಷ್ಟು ಉಳಿದಿದೆ? ಟೈರನ್ನಂತೂ ಮರೆಯುವ ಹಾಗಿಲ್ಲ, ನಾಲ್ಕು ಹೊಸ ಟೈರು ಹಾಕಿಸಿದರೆ ಗಾಡಿ ಅಗ್ಗಕ್ಕೆ ಸಿಕ್ಕಿತೆಂಬ ಖುಷಿ ಅಲ್ಲೇ ಮುಗಿಯುತ್ತದೆ. ಆ ಕಾಲದ ಎಷ್ಟೋ ಗಾಡಿಗಳಲ್ಲಿ ಡೆಟ್ರಾಯ್ಟ್ ಡೀಸೆಲ್‌ನ ಟೂ-ಸ್ಟ್ರೋಕ್ ಎಂಜಿನ್ ಇರುತ್ತಿತ್ತು. ಕಿವಿ ಹರಿಯುವ ಸದ್ದು. ಆಯಿಲ್ ಸೋರುತ್ತಿಲ್ಲ ಅಂದರೆ ಒಳಗೆ ಆಯಿಲ್ಲೇ ಇಲ್ಲ ಎಂಬುದು ಅದರ ಬಗ್ಗೆ ಇರುವ ತಮಾಷೆ.

ಆಮೇಲಿನ ಪ್ರಶ್ನೆ, ತಂತಿಹಗ್ಗದ್ದೋ ಕೊಕ್ಕೆಯದ್ದೋ? ಕೊಕ್ಕೆಯ ಗಾಡಿಯಲ್ಲಿ ಡ್ರೈವರ್ ಕೆಳಗಿಳಿಯಬೇಕಿಲ್ಲ, ಬೇಗ ಕೆಲಸ ಆಗುತ್ತದೆ. ಮರಗಳನ್ನು ಯಂತ್ರವೇ ಕಡಿದು ರಾಶಿ ಹಾಕುವ ಕಡೆ ಅದೇ ಸರಿ. ಆದರೆ ಇಳಿಜಾರು, ಕೆಸರು, ಅಲ್ಲೊಂದು ಇಲ್ಲೊಂದು ಮರ ಇರುವ ಕಡೆ ತಂತಿಹಗ್ಗವೇ ವಾಸಿ. ಗಾಡಿ ಹೂತರೆ ಹಗ್ಗ ಸಡಿಲಿಸಿ, ದಿಮ್ಮಿ ಅಲ್ಲೇ ಬಿಟ್ಟು, ಗಟ್ಟಿ ನೆಲಕ್ಕೆ ಹೋಗಿ ನಿಂತು ಎಳೆದುಕೊಂಡರಾಯಿತು. ಗಾಡಿ ಎಲ್ಲೆಡೆ ನುಗ್ಗದ ಕಾರಣ ಸಸಿಗಳೂ ಸ್ವಲ್ಪ ಉಳಿಯುತ್ತವೆ. ಇದು ಸಣ್ಣ ಮಾತೇನಲ್ಲ. 1983ರಲ್ಲಿ ಶಿರಸಿ ಹತ್ತಿರದ ಸಾಲ್ಕಣಿಯಲ್ಲಿ ಅಪ್ಪಿಕೋ ಶುರುವಾದಾಗ ಊರವರ ಸಿಟ್ಟಿಗೆ ಕಾರಣ ಕಡಿದ ಮರ ಮಾತ್ರವಲ್ಲ, ಅದರ ಸುತ್ತ ನಜ್ಜುಗುಜ್ಜಾದ ಗಿಡಗಳೂ ಆಗಿದ್ದವು.

ನಮ್ಮ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಸ್ಪೇರ್ ಪಾರ್ಟ್ಸ್. ಕಂಪನಿ ಮುಚ್ಚಿದರೆ ಅದರ ಗಾಡಿ ಅನಾಥ. ಟಿಂಬರ್‌ಜ್ಯಾಕನ್ನು 2000ದಲ್ಲಿ ಜಾನ್ ಡಿಯರ್ ಕೊಂಡುಕೊಂಡಿತು. ಎಲ್ಲ ಹೆಸರುಗಳಿಗೂ ಆ ಅದೃಷ್ಟ ಇರಲಿಲ್ಲ. ವಸಂತದಲ್ಲಿ ಹಿಮ ಕರಗಿ ಕೆಸರಾಗುವ ಮುಂಚೆ ಕೆಲಸ ಮುಗಿಸಬೇಕಾದವರಿಗೆ ಒಂದು ಸೀಲ್ ಸಿಗದೆ ಎರಡು ವಾರ ಗಾಡಿ ನಿಂತರೆ ಸಾಮಿಲ್ಲಿನ ದುಡ್ಡೂ ನಿಲ್ಲುತ್ತದೆ, ಬ್ಯಾಂಕಿನ ಕಂತು ನಿಲ್ಲುವುದಿಲ್ಲ.

ಒಂದು ಮಾತು ಬಿಟ್ಟುಹೋಯಿತು. ಶುರುವಿನ ಎಷ್ಟೋ ಸ್ಕಿಡ್ಡರುಗಳಲ್ಲಿ ಡ್ರೈವರ್ ತಲೆಯ ಮೇಲೆ ಏನೂ ಇರಲಿಲ್ಲ. ಗಾಡಿ ಮಗುಚಿದರೆ ಮುಗಿಯಿತು. ಗಟ್ಟಿ ಕಬ್ಬಿಣದ ಪಂಜರ ಆಮೇಲೆ ಬಂದದ್ದು. ಆದ್ದರಿಂದ ತಿಳಿದವರು ಎಂಜಿನ್ ಸ್ಟಾರ್ಟ್ ಮಾಡಿಸುವ ಮೊದಲೇ ಆ ಪಂಜರದ ನಾಲ್ಕು ಕಾಲುಗಳನ್ನು ಕೈಯಿಂದ ಸವರಿ, ಎಲ್ಲಾದರೂ ಕತ್ತರಿಸಿ ಬೆಸುಗೆ ಹಾಕಿದ ಗುರುತು ಇದೆಯೇ ಎಂದು ಹುಡುಕುತ್ತಾರೆ.