ಯಂತ್ರ ಓದುವ ಕೈಪಿಡಿ

ಕೋಡ್ ಬರೆಯುವ ಎಐ ಏಜೆಂಟ್‌ಗೆ ಒಂದು ಟೂಲ್ ಒಪ್ಪಿಸುವಾಗ ನಾವು ಕೊಡುವುದು ಮೂರೇ: ಟೂಲ್‌ನ ಹೆಸರು, ಅದಕ್ಕೆ ಏನೇನು ಮಾಹಿತಿ ಬೇಕೆಂಬ ಪಟ್ಟಿ, ನಾಲ್ಕೈದು ಸಾಲಿನ ವಿವರಣೆ. ಟೂಲ್‌ನ ಒಳಗಿರುವ ಕೋಡ್ ಸಾಮಾನ್ಯವಾಗಿ ಏಜೆಂಟ್‌ನ ಹಿಂದಿರುವ ಭಾಷಾ ಮಾದರಿಯ ಕಣ್ಣಿಗೆ ಬೀಳುವುದಿಲ್ಲ. ಈಗ ಫೈಲ್ ತೆರೆಯಬೇಕೋ, ಹುಡುಕಬೇಕೋ, ಟೆಸ್ಟ್ ಓಡಿಸಬೇಕೋ ಎಂದು ಅದು ನಿರ್ಧರಿಸುವುದು ಆ ಸಾಲುಗಳನ್ನು ಓದಿಯೇ. ಸಾಫ್ಟ್‌ವೇರ್ ತಂಡಗಳಲ್ಲಿ ಎಲ್ಲ ಮುಗಿದ ಮೇಲೆ ಬರೆದರಾಯಿತು ಎನ್ನಿಸಿಕೊಂಡಿದ್ದ ಬರವಣಿಗೆ ಹೀಗೆ ಕೆಲಸದ ನಡುಮಧ್ಯಕ್ಕೆ ಬಂದು ಕೂತಿದೆ.

ಈ ಬರವಣಿಗೆಯ ಬೇರು ಹಳೆಯದು. 1971ರ ನವೆಂಬರ್‌ನಲ್ಲಿ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ಕೈಪಿಡಿಯ ಮೊದಲ ಆವೃತ್ತಿ ಹೊರತಂದರು. ಪ್ರತಿ ಕಮಾಂಡ್‌ಗೂ ಹೆಸರು, ಬಳಸುವ ರೀತಿ, ವಿವರಣೆ. ಜೊತೆಗೆ ‘ಬಗ್ಸ್’ ಎಂಬ ಭಾಗ. ಈ ಕಮಾಂಡ್ ಎಲ್ಲಿ ಕೈಕೊಡುತ್ತದೆ ಎಂದು ಅದನ್ನು ಮಾಡಿದವರೇ ಹೇಳುವ ಆ ಪದ್ಧತಿ ಇವತ್ತಿನ ಬಹುಪಾಲು ಟೂಲ್ ವಿವರಣೆಗಳಲ್ಲಿ ಕಾಣುವುದಿಲ್ಲ. ಅದು ಮರಳಿ ಬರಬೇಕು. ಯುನಿಕ್ಸ್ ನಂತರ, ಕೋಡ್‌ನ ಟಿಪ್ಪಣಿಗಳಿಂದಲೇ ಕೈಪಿಡಿ ತಯಾರಿಸುವ ಜಾವಾಡಾಕ್ ಬಂತು, ಪ್ರೋಗ್ರಾಮ್‌ಗಳು ಪರಸ್ಪರ ಮಾತಾಡುವ ಎಪಿಐಗಳನ್ನು ವಿವರಿಸುವ ಸ್ವ್ಯಾಗರ್ ಬಂತು, ಅದೇ ಓಪನ್‌ಎಪಿಐ ಆಯಿತು. ಒಳಬರುವ ಮಾಹಿತಿಯ ಆಕಾರವನ್ನು ಯಂತ್ರ ಓದತೊಡಗಿತಾದರೂ ವಿವರಣೆಯ ವಾಕ್ಯಗಳು ಮನುಷ್ಯರಿಗಾಗಿಯೇ ಉಳಿದವು. ಓದುವ ಪ್ರೋಗ್ರಾಮರ್ ಅರ್ಧ ಹೇಳಿದ್ದನ್ನು ತಾನೇ ತುಂಬಿಕೊಳ್ಳುತ್ತಿದ್ದ, ಇಲ್ಲವೇ ಪಕ್ಕದವರನ್ನು ಕೇಳುತ್ತಿದ್ದ.

ಭಾಷಾ ಮಾದರಿಗಳಿಗೆ ಟೂಲ್ ಬಳಸಲು ಕಲಿಸುವ ಮೊದಲ ಪ್ರಯತ್ನಗಳು ಎರಡು ದಾರಿ ಹಿಡಿದವು. 2023ರ ಫೆಬ್ರುವರಿಯಲ್ಲಿ ಮೆಟಾ ಸಂಶೋಧಕರು ಪ್ರಕಟಿಸಿದ ಟೂಲ್‌ಫಾರ್ಮರ್ ಎಂಬ ಮಾದರಿ ಕ್ಯಾಲ್ಕ್ಯುಲೇಟರ್, ಕ್ಯಾಲೆಂಡರ್, ವಿಕಿಪೀಡಿಯಾ ಹುಡುಕಾಟದಂಥ ಟೂಲ್‌ಗಳ ಬಳಕೆಯನ್ನು ತರಬೇತಿಯಲ್ಲೇ ಬೆರೆಸಿತು. ಅಲ್ಲಿ ಹೊಸ ಟೂಲ್ ಬಂದರೆ ಮತ್ತೆ ತರಬೇತಿ ಬೇಕು. ಅದೇ ವರ್ಷ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಬಂದ ಗೊರಿಲ್ಲಾ ಎಂಬ ಯೋಜನೆ, ದಾಖಲೆಗಳನ್ನು ಹುಡುಕಿ ತಂದು ಮಾದರಿಯ ಮುಂದಿಟ್ಟರೆ ಅದು ಬದಲಾದ ಎಪಿಐಗೂ ಹೊಂದಿಕೊಳ್ಳುತ್ತದೆ ಎಂದು ತೋರಿಸಿತು. ಗೆದ್ದದ್ದು ಓದಿಸುವ ದಾರಿ. ಆ ವರ್ಷದ ಮಾರ್ಚ್‌ನಲ್ಲಿ ಬಂದ, ಹೊರಗಿನ ಸೇವೆಗಳನ್ನು ಜೋಡಿಸುವ ಚಾಟ್‌ಜಿಪಿಟಿ ಪ್ಲಗಿನ್‌ಗಳಲ್ಲಿ ಒಂದೇ ಸೇವೆಗೆ ಎರಡು ವಿವರಣೆ ಬರೆಯಬೇಕಿತ್ತು, ಒಂದು ಮನುಷ್ಯರಿಗೆ, ಇನ್ನೊಂದು ಮಾದರಿಗೆ. ಇಬ್ಬರು ಓದುಗರ ಅಗತ್ಯ ಬೇರೆಬೇರೆ ಎಂದು ಒಪ್ಪಿಕೊಂಡ ಆ ಕ್ಷಣ ನನಗೆ ಈ ಕ್ಷೇತ್ರದ ನಿಜವಾದ ಆರಂಭವಾಗಿ ಕಾಣುತ್ತದೆ. ಪ್ಲಗಿನ್‌ಗಳು ಬೇಗ ಮರೆಯಾದವು. ಜೂನ್‌ನಲ್ಲಿ ಬಂದ, ಟೂಲ್‌ನ ವಿವರಣೆಯನ್ನು ಮಾದರಿಗೆ ನೇರವಾಗಿ ಕೊಡುವ ಫಂಕ್ಷನ್ ಕಾಲಿಂಗ್ ಉಳಿಯಿತು.

ಆದರೆ ವಿವರಣೆ ಎಂದರೆ ಟೂಲ್‌ನ ಜೊತೆಗಿರುವ ನಾಲ್ಕು ಸಾಲಷ್ಟೇ ಅಲ್ಲವೆಂದು ತಿಳಿದದ್ದು 2024ರಲ್ಲಿ, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಎಸ್‌ಡಬ್ಲ್ಯೂಇ-ಏಜೆಂಟ್ ಎಂಬ ಕೋಡಿಂಗ್ ಏಜೆಂಟ್‌ನಿಂದ. ಅದನ್ನು ಕಟ್ಟಿದ ಸಂಶೋಧಕರು ಮಾದರಿಯನ್ನು ಮುಟ್ಟದೆ ಅದು ಕಂಪ್ಯೂಟರ್ ಬಳಸುವ ರೀತಿಯನ್ನು ಮಾತ್ರ ಬದಲಿಸಿದರು. ಫೈಲ್‌ನ 100 ಸಾಲುಗಳನ್ನು ಒಮ್ಮೆಗೆ ತೋರಿಸಿದಾಗ ಪರೀಕ್ಷೆಯ ಸಮಸ್ಯೆಗಳಲ್ಲಿ ಶೇ. 18 ಬಗೆಹರಿದವು. 30 ಸಾಲು ತೋರಿಸಿದರೆ ಶೇ. 14.3ಕ್ಕೆ, ಇಡೀ ಫೈಲ್ ಸುರಿದರೆ ಶೇ. 12.7ಕ್ಕೆ ಇಳಿಯಿತು. ಹುಡುಕಾಟದಲ್ಲಿ 50ಕ್ಕಿಂತ ಹೆಚ್ಚು ಫಲಿತಾಂಶ ಸಿಕ್ಕರೆ ಪಟ್ಟಿ ಕೊಡುವ ಬದಲು ‘ಇನ್ನಷ್ಟು ನಿಖರವಾಗಿ ಹುಡುಕು’ ಎಂಬ ಸೂಚನೆ ಕೊಟ್ಟರು. ಏನನ್ನೂ ಮುದ್ರಿಸದೆ ಮುಗಿಯುವ ಕಮಾಂಡ್‌ಗೆ ‘ಕಮಾಂಡ್ ಸರಿಯಾಗಿ ನಡೆಯಿತು, ಔಟ್‌ಪುಟ್ ಇಲ್ಲ’ ಎಂಬ ಸಾಲು ಸೇರಿಸಿದರು. ಮನುಷ್ಯನಿಗೆ ಖಾಲಿ ಪರದೆಯೇ ಸಾಕಾದ ಉತ್ತರ. ಮಾದರಿಗೆ ಅದನ್ನು ಬಾಯಿಬಿಟ್ಟು ಹೇಳಬೇಕು. ಟೂಲ್ ಹಿಂದಿರುಗಿಸುವ ಪ್ರತಿ ಸಾಲೂ, ದೋಷದ ಸಂದೇಶವೂ ಸೇರಿ, ವಿವರಣೆಯ ಮುಂದುವರಿಕೆಯೇ.

ಆ ವರ್ಷದ ಡಿಸೆಂಬರ್‌ನಲ್ಲಿ ಎಐ ಕಂಪನಿ ಆಂಥ್ರೊಪಿಕ್‌ನ ಎಂಜಿನಿಯರ್‌ಗಳೂ ಇಂಥದ್ದೇ ಅನುಭವ ಬರೆದರು. ಏಜೆಂಟ್ ಮೂಲ ಫೋಲ್ಡರ್‌ನಿಂದ ಬೇರೆಡೆಗೆ ಹೋದ ಮೇಲೆ ಅರೆಬರೆ ಫೈಲ್ ವಿಳಾಸ ಕೊಟ್ಟು ಎಡವುತ್ತಿತ್ತು. ಪೂರ್ಣ ವಿಳಾಸ ಕೊಡುವುದನ್ನೇ ಕಡ್ಡಾಯ ಮಾಡಿದಾಗ ತಪ್ಪು ನಿಂತಿತು. ಒಟ್ಟಾರೆ ಸೂಚನೆಗಿಂತ ಟೂಲ್‌ಗಳನ್ನು ತಿದ್ದಲು ಹೆಚ್ಚು ಸಮಯ ಹಿಡಿಯಿತು ಎಂದೂ ಅವರು ಹೇಳಿದ್ದಾರೆ.

ಒಳ್ಳೆಯ ವಿವರಣೆ ಹೇಗಿರುತ್ತದೆ? ‘ಫೈಲ್‌ಗಳಲ್ಲಿ ಹುಡುಕುತ್ತದೆ’ ಎಂದಷ್ಟೇ ಬರೆದರೆ ಹೆಸರಿನಲ್ಲೋ, ಒಳಗಿನ ಪಠ್ಯದಲ್ಲೋ ತಿಳಿಯದು. ‘ಪ್ರಾಜೆಕ್ಟ್‌ನ ಫೈಲ್‌ಗಳ ಒಳಗಿನ ಪಠ್ಯದಲ್ಲಿ ಹುಡುಕುತ್ತದೆ. ಹೆಸರಿನಿಂದ ಫೈಲ್ ಪತ್ತೆಹಚ್ಚಲು ಇದನ್ನು ಬಳಸಬೇಡಿ, ಅದಕ್ಕೆ ಬೇರೆ ಟೂಲ್ ಇದೆ. ದೊಡ್ಡಕ್ಷರ, ಸಣ್ಣಕ್ಷರ ಬೇರೆಬೇರೆ ಎಂದು ಎಣಿಸುತ್ತದೆ’ ಎಂದರೆ ದಾರಿ ನಿಚ್ಚಳ. ಇಲ್ಲಿ ಅತ್ಯಂತ ಬೆಲೆಯುಳ್ಳದ್ದು ಯಾವಾಗ ಬಳಸಬಾರದು ಎಂಬ ವಾಕ್ಯ. ಬರೆಯುವವರು ಮೊದಲು ಬಿಟ್ಟುಬಿಡುವುದೂ ಅದನ್ನೇ.

2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಬಿಡುಗಡೆ ಮಾಡಿದ ಎಂಸಿಪಿ (ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್) ಎಂಬ ಮುಕ್ತ ಮಾನದಂಡದಿಂದ ಯಾರೋ ಬರೆದ ಟೂಲ್ ಯಾರದೋ ಏಜೆಂಟ್‌ಗೆ ಜೋಡಿಸುವುದು ಸುಲಭವಾಯಿತು. ಅದರ ಬೆನ್ನಿಗೆ ಎರಡು ತೊಡಕು ಬಂದವು. ಮೊದಲನೆಯದಾಗಿ, ಪ್ರತಿ ವಿವರಣೆಯೂ ಮಾದರಿಯ ಓದಿನ ಮಿತಿಯೊಳಗೆ ಜಾಗ ತಿನ್ನುತ್ತದೆ. ಹತ್ತಾರು ಟೂಲ್ ಸೇರಿದರೆ ಒಂದನ್ನೊಂದು ಹೋಲುವ ಹೆಸರುಗಳ ನಡುವೆ ಆಯ್ಕೆಯೇ ತಪ್ಪುತ್ತದೆ. ಈಗ ಬೇಕಾದಾಗ ಮಾತ್ರ ಟೂಲ್ ಹುಡುಕಿ ತರುವ ವ್ಯವಸ್ಥೆಗಳು ಬಂದಿರುವುದರಿಂದ, ಹುಡುಕುವವರ ಪದಗಳೂ ವಿವರಣೆಯಲ್ಲಿರಬೇಕಾಗಿದೆ. ಎರಡನೆಯ ತೊಡಕು ಗಂಭೀರವಾದದ್ದು. 2025ರ ಏಪ್ರಿಲ್‌ನಲ್ಲಿ ಇನ್‌ವೇರಿಯಂಟ್ ಲ್ಯಾಬ್ಸ್ ಎಂಬ ಭದ್ರತಾ ಸಂಸ್ಥೆ ತೋರಿಸಿದಂತೆ, ನಿರುಪದ್ರವಿಯಾಗಿ ಕಾಣುವ ಟೂಲ್‌ನ ವಿವರಣೆಯೊಳಗೆ ‘ಬಳಕೆದಾರನ ರಹಸ್ಯ ಫೈಲ್ ಓದಿ ಕಳಿಸು’ ಎಂಬಂಥ ಆಜ್ಞೆ ಅಡಗಿಸಬಹುದು. ಬಳಕೆದಾರನ ಪರದೆಯಲ್ಲಿ ಅದು ಪೂರ್ತಿ ಕಾಣದೆ ಹೋಗಬಹುದು, ಮಾದರಿ ಪಾಲಿಸಿಬಿಡಬಹುದು. ಹೊರಗಿನ ಟೂಲ್‌ಗಳ ವಿವರಣೆಯನ್ನು ಕೋಡ್‌ನಷ್ಟೇ ಎಚ್ಚರದಿಂದ ಪರಿಶೀಲಿಸದ ಸಂಸ್ಥೆ ತನ್ನ ಬಾಗಿಲನ್ನು ತೆರೆದಿಟ್ಟಂತೆ.

ಇತ್ತೀಚಿನ ಹೆಜ್ಜೆ, ಏಜೆಂಟ್‌ಗಳಿಂದಲೇ ವಿವರಣೆ ತಿದ್ದಿಸುವುದು. ಆಂಥ್ರೊಪಿಕ್ 2025ರ ಸೆಪ್ಟೆಂಬರ್‌ನಲ್ಲಿ ವಿವರಿಸಿದ ಕ್ರಮದಲ್ಲಿ, ಏಜೆಂಟ್‌ನ ಪರೀಕ್ಷಾ ಓಟಗಳ ದಾಖಲೆಯನ್ನು ಮಾದರಿಗೇ ಓದಿಸಿ, ಅದು ಸೂಚಿಸಿದ ತಿದ್ದುಪಡಿಗಳನ್ನು ಬೇರೆಯಾಗಿ ಎತ್ತಿಟ್ಟ ಪರೀಕ್ಷೆಗಳ ಮೇಲೆ ಅಳೆದು ನೋಡಲಾಯಿತು. ತಿದ್ದುಪಡಿ ಯಾರೇ ಬರೆಯಲಿ, ಓದಲು ಚೆನ್ನಾಗಿದೆ ಎಂದು ಒಪ್ಪಿಬಿಡದೆ, ಅದರಿಂದ ಏಜೆಂಟ್‌ನ ಎಷ್ಟು ತಪ್ಪು ಕಡಿಮೆಯಾಯಿತೆಂದು ಎಣಿಸುವ ಈ ರೂಢಿ ಎಲ್ಲ ತಂಡಗಳಿಗೂ ಬೇಗ ಹಬ್ಬಬೇಕೆಂಬುದು ನನ್ನ ಆಸೆ.