ಆಸ್ಟರ್ಲಿಟ್ಜ್‌ನ ಸೂರ್ಯ ಯಾರ ಕಡೆ?

1805ರ ಡಿಸೆಂಬರ್ 2ರ ಬೆಳಿಗ್ಗೆ ಆಸ್ಟರ್ಲಿಟ್ಜ್ ಬಯಲಿನ ತಗ್ಗುಗಳಲ್ಲಿ ದಟ್ಟ ಮಂಜು ಕವಿದಿತ್ತು. ಅದರ ಮರೆಯಲ್ಲಿ ಫ್ರೆಂಚ್ ಪಡೆ ಕಾದು ನಿಂತಿತ್ತು. ಸೂರ್ಯ ಮೇಲೇರಿದ, ನೆಪೋಲಿಯನ್ ದಾಳಿಗೆ ಅಪ್ಪಣೆ ಕೊಟ್ಟ. ಸಂಜೆಯೊಳಗೆ ರಷ್ಯಾ, ಆಸ್ಟ್ರಿಯಾಗಳ ಸೇನೆ ಚದುರಿಹೋಯಿತು. ಅವನು ಚಕ್ರವರ್ತಿಯ ಕಿರೀಟ ಧರಿಸಿ ಅಂದಿಗೆ ಸರಿಯಾಗಿ ಒಂದು ವರ್ಷ. ಇಷ್ಟೆಲ್ಲ ಕೂಡಿಬಂದ ಮೇಲೆ ಕೇಳಬೇಕೆ? 'ಆಸ್ಟರ್ಲಿಟ್ಜ್‌ನ ಸೂರ್ಯ' ಎಂದರೆ ಫ್ರೆಂಚರಿಗೆ ಗೆಲುವಿನ ಇನ್ನೊಂದು ಹೆಸರಾಯಿತು.

ಟಾಲ್‌ಸ್ಟಾಯ್ ತಮ್ಮ 'ಯುದ್ಧ ಮತ್ತು ಶಾಂತಿ'ಯಲ್ಲಿ (1865–69) ಆ ಮಂಜನ್ನೂ ಸೂರ್ಯನನ್ನೂ ಇದ್ದ ಹಾಗೆಯೇ ಇಟ್ಟುಕೊಂಡರು. ಆದರೆ ಕಥೆಯನ್ನು ಗಾಯಗೊಂಡು ಅಂಗಾತ ಬಿದ್ದ ಆಂಡ್ರೇಯ ಕಣ್ಣಿಗೆ ಒಪ್ಪಿಸಿಬಿಟ್ಟರು. ಅವನಿಗೆ ಕಾಣುವುದು ಎತ್ತರದ ಆಕಾಶ, ಸದ್ದಿಲ್ಲದೆ ತೇಲುವ ಬೂದು ಮೋಡ, ಅಷ್ಟೇ. ಅಲ್ಲಿಯವರೆಗೆ ಅವನು ಆರಾಧಿಸಿದ್ದ ನೆಪೋಲಿಯನ್ ಪಕ್ಕದಲ್ಲೇ ಬಂದು ನಿಂತು ಮಾತಾಡಿದರೂ ಅದು ನೊಣದ ಗುಂಯ್‌ಗುಡುವಿಕೆಯಂತೆ ಕೇಳಿಸುತ್ತದೆ. ಗೆದ್ದವನ ಸೂರ್ಯನನ್ನು ಕಾದಂಬರಿ ಹೀಗೆ ಸದ್ದಿಲ್ಲದೆ ಕಿತ್ತುಕೊಂಡಿತು.

ಸೆವಾಸ್ತೊಪೋಲ್‌ನಲ್ಲಿ ಫಿರಂಗಿ ದಳದ ಅಧಿಕಾರಿಯಾಗಿದ್ದ ಟಾಲ್‌ಸ್ಟಾಯ್‌ಗೆ ಯುದ್ಧ ಹೊಸದಲ್ಲ. ಆದರೂ 1812ರ ಬೊರೊದಿನೋ ಕದನವನ್ನು ಬರೆಯುವ ಮುನ್ನ, 1867ರಲ್ಲಿ ಆ ಬಯಲಿಗೇ ಹೋಗಿ ಸುತ್ತಾಡಿದರು. ನಕ್ಷೆ ಗೀಚಿಕೊಂಡರು, ಸೂರ್ಯ ಯಾವ ಕಡೆಯಿಂದ ಏಳುತ್ತಾನೆ, ಬೆಳಿಗ್ಗೆ ಬಿಸಿಲು ಯಾರ ಕಣ್ಣಿಗೆ ಹೊಡೆಯುತ್ತದೆ ಎಂದು ಟಿಪ್ಪಣಿ ಮಾಡಿದರು. ಫ್ರೆಂಚರ ಕಣ್ಣಿಗೆ! ದಿನವಿಡೀ ಡೇಟಾ ಜೊತೆ ಏಗುವ ನನಗೆ ಈ ಟಿಪ್ಪಣಿ ಬಲು ಇಷ್ಟ. (ಆ ಬೃಹತ್ ಹಸ್ತಪ್ರತಿಯನ್ನು ಮತ್ತೆ ಮತ್ತೆ ನಕಲು ಮಾಡಿಕೊಟ್ಟವರು ಪತ್ನಿ ಸೋಫಿಯಾ. ನಮ್ಮ ಮಹಿಳಾ ವೇದಿಕೆಯಲ್ಲಿ ಇಷ್ಟಾದರೂ ಹೇಳದಿದ್ದರೆ ಹೇಗೆ?)

ಬೊರೊದಿನೋದಲ್ಲಿ ಆಂಡ್ರೇಯ ಎದುರೇ ಸಿಡಿಗುಂಡೊಂದು ಬಿದ್ದು ಹೊಗೆಯುಗುಳುತ್ತ ಗಿರಗಿರನೆ ತಿರುಗುತ್ತದೆ. ಈಗ ಆಕಾಶವಲ್ಲ, ಹುಲ್ಲು, ಕಹಿಗಂಪಿನ ಕುರುಚಲು ಗಿಡ ಅವನ ಕಣ್ಣಿಗೆ ಬೀಳುತ್ತವೆ. ಆ ಗಿಡ ನಾವು ಮಲ್ಲಿಗೆಯ ಜೊತೆ ಕಟ್ಟಿ ಮುಡಿಯುವ ದವನದ ಕುಲದ್ದೇ. ಏಳು ವರ್ಷದ ಹಿಂದೆ ಸಾವಿನ ಅಂಚಿನಲ್ಲಿ ಎಲ್ಲವೂ ಕ್ಷುಲ್ಲಕ ಅನ್ನಿಸಿದ್ದವನಿಗೆ ಈಗ ಆ ಹುಲ್ಲಿನ ಮೇಲೂ ಆಸೆ, ಬದುಕಬೇಕೆಂಬ ಆಸೆ.

ಕದನದ ಕೊನೆಗೆ ತುಂತುರು ಮಳೆ ಬರುತ್ತದೆ, 'ಇನ್ನು ಸಾಕು ಮಾಡಿ' ಎನ್ನುವ ಹಾಗೆ. ಇಲ್ಲಿ ಮಳೆಗಿಂತ ಲೇಖಕರ ದನಿಯೇ ಹೆಚ್ಚು ಕೇಳುತ್ತದೆ ಎಂದು ನನ್ನ ತಕರಾರು. ಅದಕ್ಕೂ ಮುಂಚೆ ಬರುವ ಹೊಲಗಳ ಮಾತೇ ನನಗೆ ಹೆಚ್ಚು ತಟ್ಟಿದ್ದು. ಒಂದೇ ದಿನದಲ್ಲಿ ಎರಡೂ ಕಡೆಯವರು ಸೇರಿ ಸುಮಾರು 70,000 ಮಂದಿ ಸತ್ತು, ಗಾಯಗೊಂಡು ಬಿದ್ದ ಆ ನೆಲದಲ್ಲಿ ಬೊರೊದಿನೋ, ಗೋರ್ಕಿ, ಸೆಮ್ಯೊನೊವ್‌ಸ್ಕೊಯೆ ಹಳ್ಳಿಗಳ ರೈತರು ನೂರಾರು ವರ್ಷಗಳಿಂದ ಪೈರು ಕೊಯ್ದಿದ್ದರು, ದನ ಮೇಯಿಸಿದ್ದರು.