ಸಂಗ್ರಹಯೋಗ್ಯ ಕ್ರೀಡಾ ಕಾರು

ಸಂಗ್ರಹಯೋಗ್ಯ ಕ್ರೀಡಾ ಕಾರು ಎಂದರೆ ಕೇವಲ ಸಾರಿಗೆಗಿಂತ ಹೆಚ್ಚಾಗಿ ಓಡಿಸುವ ಸಂತೋಷಕ್ಕೆಂದೇ ರೂಪಿತವಾಗಿ, ಕಾಲ ಕಳೆದಂತೆ ಅಪರೂಪತೆ, ಮೂಲ ಸ್ಥಿತಿ ಅಥವಾ ಚಾರಿತ್ರಿಕ ಮಹತ್ವದ ಕಾರಣದಿಂದ ಕಾಪಾಡಿಕೊಳ್ಳಲು ಯೋಗ್ಯವೆನಿಸಿದ ಮೋಟಾರು ಕಾರು. ಕೊಂಡವರ ಉದ್ದೇಶ ಸಾಮಾನ್ಯವಾಗಿ ಎರಡು: ಓಡಿಸುವುದು ಮತ್ತು ಉಳಿಸುವುದು. ಓಡಿದಷ್ಟೂ ಬಿಡಿಭಾಗಗಳು ಸವೆಯುತ್ತವೆ. ಓಡದೆ ನಿಂತರೆ ರಬ್ಬರು ಒಣಗಿ, ಇಂಧನ ಹಳಸಿ, ಬ್ರೇಕಿನ ಸಿಲಿಂಡರುಗಳು ಹಿಡಿದುಕೊಳ್ಳುತ್ತವೆ. ಹೀಗಾಗಿ ಎರಡು ಉದ್ದೇಶಗಳೂ ಪರಸ್ಪರ ವಿರುದ್ಧವಾಗಿದ್ದರೂ ಒಂದನ್ನು ಬಿಟ್ಟು ಇನ್ನೊಂದಿಲ್ಲ. ಭಾರತದಲ್ಲಿ ಈ ತೊಡಕಿಗೆ ನೋಂದಣಿಯ ಕಾನೂನೂ ಸೇರಿಕೊಂಡಿದೆ. ಕರ್ನಾಟಕದಲ್ಲಿ ತಯಾರಾದ ಸಂಗ್ರಹಯೋಗ್ಯ ಚಿಕ್ಕ ಕಾರುಗಳು ಸದ್ಯ ಆ ಕಾನೂನಿನ ಎರಡು ವರ್ಗಗಳ ನಡುವಿನ ಸಂದಿಯಲ್ಲಿ ಸಿಲುಕಿವೆ.

ಹಿನ್ನೆಲೆ

ಭಾರತದಲ್ಲಿ ಹಳೆಯ ಕ್ರೀಡಾ ಕಾರುಗಳು ವಿರಳ. 1953ರಲ್ಲಿ ಸುಂಕ ಆಯೋಗದ ಶಿಫಾರಸಿನ ಮೇರೆಗೆ, ದೇಶದೊಳಗೆ ಹಂತಹಂತವಾಗಿ ಉತ್ಪಾದನೆ ನಡೆಸದ ಕಂಪನಿಗಳು ಕೇವಲ ಜೋಡಣೆ ಮಾಡಿ ಮಾರುವುದನ್ನು ನಿಲ್ಲಿಸಬೇಕಾಯಿತು. ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಕಂಪನಿಗಳು ಹೊರಟುಹೋದವು. ಆಮದು ಬಹುತೇಕ ನಿಂತಿತು. ಅದಕ್ಕೂ ಮೊದಲು ಬಂದಿದ್ದ ಎಂ.ಜಿ. ಟಿ.ಸಿ.ಯಂತಹ (1945–1949) ಬ್ರಿಟಿಷ್ ಎರಡಾಸನದ ಕಾರುಗಳೇ ಇಂದು ಭಾರತೀಯ ಸಂಗ್ರಾಹಕರ ಕೈಯಲ್ಲಿರುವ ಹಳೆಯ ಕ್ರೀಡಾ ಕಾರುಗಳು. ಮುಂದಿನ ಮೂರು ದಶಕ ಭಾರತದ ರಸ್ತೆಗಳನ್ನು ಅಂಬಾಸಿಡರ್, ಫಿಯೆಟ್ ಮತ್ತು ಸ್ಟ್ಯಾಂಡರ್ಡ್ ಹೆರಾಲ್ಡ್ ಆಳಿದವು. ಆದುದರಿಂದ ಇಲ್ಲಿ ‘ಕ್ರೀಡಾ ಕಾರು’ ಎಂಬ ಪದದ ಅರ್ಥ ಯೂರೋಪಿನಲ್ಲಿರುವಷ್ಟು ಕಟ್ಟುನಿಟ್ಟಾದುದಲ್ಲ. ರ್‍ಯಾಲಿಗಳಲ್ಲಿ ಹೆಸರು ಮಾಡಿದ ಸಾಮಾನ್ಯ ಕಾರುಗಳನ್ನೂ ಸಂಗ್ರಾಹಕರು ಇದೇ ಸಾಲಿಗೆ ಸೇರಿಸುತ್ತಾರೆ.

ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳು ಸೇರಿದ್ದ ಹಿಂದಿನ ಹೈದರಾಬಾದು ಸಂಸ್ಥಾನದಲ್ಲಿ ಮೋಟಾರು ಕಾರು ಅರಮನೆಯ ವಸ್ತುವಾಗಿತ್ತು. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರು ಮಾಡಿಸಲು ಹೇಳಿದ್ದ ಹಳದಿ ಬಣ್ಣದ ರೋಲ್ಸ್-ರಾಯ್ಸ್ ಸಿಲ್ವರ್ ಘೋಸ್ಟ್ ಇಂದಿಗೂ ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿದೆ. ಅದನ್ನು ಬಳಸುವ ಮೊದಲೇ, 1911ರಲ್ಲಿ ಅವರು ತೀರಿಕೊಂಡರು. ನೂರು ವರ್ಷ ಮೀರಿದ ಆ ಕಾರು ಓಡಿದ್ದು ಅತ್ಯಲ್ಪ. ಉಳಿಸುವುದನ್ನೇ ಆರಿಸಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಅದು ಒಳ್ಳೆಯ ಉದಾಹರಣೆ. ಸಾಮಾನ್ಯ ಗೃಹಸ್ಥರಿಗೆ ಅಂತಹ ಆರೈಕೆ ಎಟುಕುವಂಥದಲ್ಲ. ಕರ್ನಾಟಕದಲ್ಲಿ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯವೂ ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯವೂ ಹಳೆಯ ಕಾರುಗಳನ್ನು ಸಾರ್ವಜನಿಕರ ದರ್ಶನಕ್ಕೆ ಇರಿಸಿವೆ. ಕೊಳ್ಳಬಯಸುವವರು ಮೂಲ ಸ್ಥಿತಿಯ ಕಾರು ಹೇಗಿರುತ್ತದೆಂದು ಕಣ್ಣಾರೆ ನೋಡಲು ಇವು ಅನುಕೂಲ.

ಕರ್ನಾಟಕದ ಡಾಲ್ಫಿನ್

ರಾಜ್ಯದ ಮಟ್ಟಿಗೆ ಅತ್ಯಂತ ಗಮನಾರ್ಹವಾದುದು ಬೆಂಗಳೂರಿನ ಸಿಪಾನಿ ಕಂಪನಿಯ ಡಾಲ್ಫಿನ್. ಇದೇ ಕಂಪನಿ 1970ರ ದಶಕದಲ್ಲಿ ಫೈಬರ್ ಮೈಯ ಮೂರು ಚಕ್ರದ ‘ಬಾದಲ್’ ಕಾರನ್ನು ತಯಾರಿಸಿತ್ತು. 1982ರಲ್ಲಿ ಹೊರಬಂದ ಡಾಲ್ಫಿನ್, ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ಆಧಾರದ ಮೇಲೆ ರೂಪುಗೊಂಡದ್ದು: 848 ಸಿ.ಸಿ.ಯ ಅಲ್ಯುಮಿನಿಯಂ ಎಂಜಿನ್, ಹಿಂದಿನ ಚಕ್ರಗಳಿಗೆ ಚಾಲನೆ, ಉಕ್ಕಿನ ಚಾಸಿಯ ಮೇಲೆ ಕೂರಿಸಿದ ಎರಡು ಬಾಗಿಲಿನ ಫೈಬರ್ ದೇಹ. ತೂಕ ಕಡಿಮೆಯಿದ್ದುದರಿಂದ ಅದು ರ್‍ಯಾಲಿ ಚಾಲಕರ ಮೆಚ್ಚುಗೆ ಗಳಿಸಿತು. ಆದರೆ ಕುಟುಂಬಸ್ಥರಿಗೆ ಎರಡು ಬಾಗಿಲು ಸಾಲಲಿಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಅದರ ಮಾರುಕಟ್ಟೆ ಕುಸಿಯಿತು. ನಾಲ್ಕು ಬಾಗಿಲಿನ ‘ಮೊಂಟಾನಾ’ ಕೂಡ ಕಂಪನಿಯನ್ನು ಮೇಲೆತ್ತಲಿಲ್ಲ. ಡಾಲ್ಫಿನ್ ಇಂದು ಅಪರೂಪವಾಗಿರುವುದಕ್ಕೆ ಅದು ಸೋತದ್ದೇ ಕಾರಣ.

ನಿಜವಾದ ಅರ್ಥದ ಎರಡಾಸನದ ಕ್ರೀಡಾ ಕಾರು ಭಾರತದಲ್ಲಿ ತಯಾರಾದದ್ದು ನೆರೆಯ ಗೋವಾದಲ್ಲಿ. ಸ್ಯಾನ್ ಮೋಟಾರ್ಸ್ 1998ರಲ್ಲಿ ತಂದ ‘ಸ್ಟಾರ್ಮ್’ ಕಾರಿಗೂ ಫೈಬರ್ ದೇಹವಿತ್ತು; ಎಂಜಿನ್ ರೆನೋ ಕಂಪನಿಯ 1,149 ಸಿ.ಸಿ.ಯದು. ಇವುಗಳ ಜೊತೆಗೆ 1984ರಿಂದ ತಯಾರಾದ ಹಿಂದುಸ್ಥಾನ್ ಕಾಂಟೆಸ್ಸಾ, ಆನಂತರದ ಹೋಂಡಾ ಸಿಟಿ ವಿಟೆಕ್ ಮುಂತಾದವೂ ಈಗ ಸಂಗ್ರಾಹಕರ ಹುಡುಕಾಟದಲ್ಲಿವೆ.

ಕಾನೂನಿನ ಎರಡು ದಾರಿ

2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ವಿಂಟೇಜ್ ವಾಹನಗಳ ಕುರಿತ ನಿಯಮಗಳು ಸೇರಿದವು. ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಚಾಸಿ, ದೇಹ ಮತ್ತು ಎಂಜಿನ್ನಿನಲ್ಲಿ ಗಣನೀಯ ಬದಲಾವಣೆಗಳಿಲ್ಲದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ಇದರ ವ್ಯಾಪ್ತಿಗೆ ಬರುತ್ತವೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಅದರ ಅವಧಿ 10 ವರ್ಷ. ಮರುನೋಂದಣಿಗೆ 5,000 ರೂಪಾಯಿ. ಹೊಸ ಫಲಕದಲ್ಲಿ ರಾಜ್ಯದ ಸಂಕೇತದ ನಂತರ ‘ವಿಎ’ ಎಂಬ ಅಕ್ಷರಗಳಿರುತ್ತವೆ. ಮೊದಲೇ ನೋಂದಣಿಯಾಗಿದ್ದ ವಾಹನ ತನ್ನ ಹಳೆಯ ಸಂಖ್ಯೆಯನ್ನು ಉಳಿಸಿಕೊಳ್ಳಬಹುದು. ಮುಖ್ಯ ನಿರ್ಬಂಧವೆಂದರೆ, ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ್‍ಯಾಲಿ, ಇಂಧನ ತುಂಬಿಸುವಿಕೆ ಮತ್ತು ದುರಸ್ತಿಗಾಗಿ ಮಾತ್ರ ಇಂತಹ ವಾಹನ ರಸ್ತೆಗಿಳಿಯಬಹುದು. ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ.

ಐವತ್ತು ತುಂಬದ ಕಾರಿಗೆ ಉಳಿಯುವುದು ಸಾಮಾನ್ಯ ನೋಂದಣಿ. ಅದರ ಪ್ರಮಾಣಪತ್ರ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಪ್ರತಿ 5 ವರ್ಷಕ್ಕೊಮ್ಮೆ ವಾಹನದ ಸುಸ್ಥಿತಿಯ ತಪಾಸಣೆಯೊಂದಿಗೆ ನವೀಕರಿಸಬೇಕು. ನವೀಕರಣದ ಶುಲ್ಕವು 2022ರ ಏಪ್ರಿಲ್ 1ರಿಂದ ಕಾರಿಗೆ 5,000 ರೂಪಾಯಿಗೆ, ಆಮದಾದ ಕಾರಿಗೆ 40,000 ರೂಪಾಯಿಗೆ ಏರಿತು. 2025ರ ಆಗಸ್ಟಿನಲ್ಲಿ 20 ವರ್ಷ ಮೀರಿದ ಕಾರುಗಳಿಗೆ ಅದನ್ನು ಇಮ್ಮಡಿಗೊಳಿಸಲಾಯಿತು. ನವೀಕರಣ ತಡವಾದರೆ ತಿಂಗಳಿಗೆ 500 ರೂಪಾಯಿ ಹೆಚ್ಚುವರಿ.

ಲೆಕ್ಕ ಹಾಕಿದರೆ ತೊಡಕು ಸ್ಪಷ್ಟವಾಗುತ್ತದೆ. 1982ರ ಡಾಲ್ಫಿನ್ ವಿಂಟೇಜ್ ಆಗುವುದು 2032ರಲ್ಲಿ. 1998ರ ಸ್ಟಾರ್ಮ್ 2048ರಲ್ಲಿ. ಅಲ್ಲಿಯವರೆಗೆ ಅವು ಕಾನೂನಿನ ಕಣ್ಣಿಗೆ ಕೇವಲ ಹಳೆಯ ಕಾರುಗಳು. ಹಳೆಯ ಬೈಕು, ಕಾರುಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ (ಸ್ಥಾಪನೆ 1966) 30 ವರ್ಷಕ್ಕೇ ಚಾರಿತ್ರಿಕ ವಾಹನವೆಂದು ಗಣಿಸುತ್ತದೆ. ಭಾರತದ 50 ವರ್ಷದ ಮಿತಿಗೂ ಇದಕ್ಕೂ ನಡುವೆ ಇರುವ ಇಪ್ಪತ್ತು ವರ್ಷಗಳಲ್ಲಿಯೇ ಹೆಚ್ಚಿನ ಕಾರುಗಳು ಗುಜರಿ ಸೇರುತ್ತವೆ. ಇದಲ್ಲದೆ, ರ್‍ಯಾಲಿಗಾಗಿ ಎಂಜಿನ್ ಬದಲಿಸಿಕೊಂಡ ಡಾಲ್ಫಿನ್ 50 ತುಂಬಿದ ಮೇಲೂ ಮೂಲ ರೂಪದ ನಿಬಂಧನೆಯಲ್ಲಿ ಎಡವಬಹುದು; ಅದರ ಚರಿತ್ರೆಯೇ ಅದಕ್ಕೆ ಮುಳುವಾಗುವುದು ವಿಚಿತ್ರ.

ಕೊಳ್ಳುವ ಮುನ್ನ

ಅನುಭವಿಗಳು ಮೊದಲು ನೋಡುವುದು ಕಾರನ್ನಲ್ಲ, ಕಾಗದವನ್ನು. ಆರ್‌ಸಿ ಪುಸ್ತಕದ ಚಾಸಿ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆಗಳನ್ನು ಲೋಹದ ಮೇಲೆ ಕೊರೆದಿರುವ ಸಂಖ್ಯೆಗಳೊಂದಿಗೆ ತಾಳೆ ನೋಡಬೇಕು. ಬಣ್ಣ ಮಾಸಿದ್ದರೆ ಬಳಿಸಬಹುದು. ಸಂಖ್ಯೆ ತಾಳೆಯಾಗದ ಅಥವಾ ನೋಂದಣಿ ಎಂದೋ ಮುಗಿದ ಕಾರನ್ನು ಸರಿಪಡಿಸುವುದು ಹಣದಿಂದ ಮಾತ್ರ ಆಗುವ ಕೆಲಸವಲ್ಲ. ಸಾಲದ ನಮೂದು ಇದ್ದರೆ ಅದನ್ನು ತೆಗೆಸಿರಬೇಕು. ಮಾರಾಟದ ವರ್ಗಾವಣೆಗೆ ನಮೂನೆ 29 ಮತ್ತು 30 ಬೇಕು.

ಗಡಿ ತಾಲ್ಲೂಕುಗಳಲ್ಲಿ ಇನ್ನೊಂದು ಸಂಗತಿಯಿದೆ. ಆಳಂದ ಮತ್ತು ಅಫಜಲಪುರಗಳಿಗೆ ಮಹಾರಾಷ್ಟ್ರದ ಸೊಲ್ಲಾಪುರ, ಅಕ್ಕಲಕೋಟೆಗಳು ಹತ್ತಿರ. ಎಂಎಚ್-13 ಫಲಕದ ಹಳೆಯ ಕಾರು ಇಲ್ಲಿ ಮಾರಾಟಕ್ಕೆ ಬರುವುದು ಸಹಜ. ಅಂತಹ ಕಾರನ್ನು ಕಲಬುರಗಿಯ ಕೆಎ-32ಕ್ಕೆ ಬದಲಿಸಲು ಮೂಲ ಆರ್‌ಟಿಓ ಕಚೇರಿಯ ನಿರಾಕ್ಷೇಪಣಾ ಪತ್ರ (ನಮೂನೆ 28) ತರಬೇಕು, ಕರ್ನಾಟಕದ ಜೀವಾವಧಿ ತೆರಿಗೆಯನ್ನು ವಾಹನದ ವಯಸ್ಸಿಗೆ ಅನುಗುಣವಾಗಿ ಕಟ್ಟಬೇಕು. ಅಗ್ಗವಾಗಿ ಸಿಕ್ಕಿತೆಂದು ಮುಂಗಡ ಕೊಡುವ ಮೊದಲು ಈ ಲೆಕ್ಕ ಹಾಕುವುದು ವಿವೇಕ.

ಆಮೇಲೆ ಕಾರಿನ ಸರದಿ. ಉಕ್ಕಿನ ದೇಹವಾದರೆ ಅಯಸ್ಕಾಂತ ಹಿಡಿದು ನೋಡುವುದು ಹಳೆಯ ಉಪಾಯ; ಅದು ಅಂಟದ ಕಡೆ ತುಕ್ಕಿನ ತೂತನ್ನು ಪುಟ್ಟಿಯಿಂದ ಮುಚ್ಚಿರುತ್ತಾರೆ. ಫೈಬರ್ ದೇಹಕ್ಕೆ ಈ ಪರೀಕ್ಷೆ ನಿರುಪಯೋಗಿ. ಅದು ತುಕ್ಕು ಹಿಡಿಯುವುದಿಲ್ಲವೆಂಬ ಭರವಸೆಯೇ ಮೋಸಗೊಳಿಸುತ್ತದೆ, ಏಕೆಂದರೆ ಒಳಗಿನ ಉಕ್ಕಿನ ಚಾಸಿ ತುಕ್ಕು ಹಿಡಿಯುತ್ತದೆ. ದೇಹವು ಚಾಸಿಗೆ ಬೋಲ್ಟಿನಿಂದ ಸೇರುವ ಜಾಗಗಳಲ್ಲಿ ನಕ್ಷತ್ರದಾಕಾರದ ಬಿರುಕುಗಳಿವೆಯೇ ಎಂದು ಕಾರನ್ನು ಮೇಲೆತ್ತಿ ನೋಡಬೇಕು. ಡಾಲ್ಫಿನ್ನಿನ ಅಲ್ಯುಮಿನಿಯಂ ಎಂಜಿನ್ ಅತಿಯಾಗಿ ಬಿಸಿಯಾದರೆ ಹೆಡ್ ಬಾಗುತ್ತದೆ. ರೇಡಿಯೇಟರಿನ ನೀರಿನಲ್ಲಿ ಎಣ್ಣೆಯ ಕೆನೆ ಕಂಡರೆ ಎಚ್ಚರ. ಎಂಜಿನ್ ತಣ್ಣಗಿರುವಾಗಲೇ ಹೋಗಿ ಚಾಲೂ ಮಾಡಿಸಿ ನೋಡುವುದು ಮೇಲು. ಇದೇ 848 ಸಿ.ಸಿ. ಎಂಜಿನ್ ಇಂಗ್ಲೆಂಡಿನ ರಿಲಯಂಟ್ ರಾಬಿನ್ನಿನಲ್ಲಿಯೂ ಇದ್ದುದರಿಂದ ಎಂಜಿನ್ನಿನ ಬಿಡಿಭಾಗಗಳನ್ನು ಅಲ್ಲಿಂದ ತರಿಸಬಹುದು. ಗಾಜು, ದೀಪ, ಬಾಗಿಲಿನ ಹಿಡಿಗಳ ವಿಷಯದಲ್ಲಿ ಈ ಅನುಕೂಲವಿಲ್ಲ. ಅವು ಪೂರ್ತಿಯಾಗಿರುವ ಕಾರಿಗೆ ಹೆಚ್ಚು ಬೆಲೆ ಕೊಡುವುದರಲ್ಲಿ ನಷ್ಟವಿಲ್ಲ.

ಬಿಸಿಲು ಸೀಮೆಯಲ್ಲಿ ಸಂರಕ್ಷಣೆ

ಕಲಬುರಗಿ ಜಿಲ್ಲೆಯ ಒಣ ಹವೆ ಲೋಹಕ್ಕೆ ಹಿತ. ಕರಾವಳಿಯ ಉಪ್ಪು ಗಾಳಿಯಲ್ಲಿ ನಿಂತ ಕಾರಿಗಿಂತ ಇಲ್ಲಿ ನಿಂತದ್ದರ ತಳ ಸಾಮಾನ್ಯವಾಗಿ ಗಟ್ಟಿಯಾಗಿರುತ್ತದೆ. ಆದರೆ ಮೇ ತಿಂಗಳಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಬಿಸಿಲು ರಬ್ಬರು, ಚರ್ಮ, ಡ್ಯಾಶ್‌ಬೋರ್ಡು ಮತ್ತು ಬಣ್ಣಗಳನ್ನು ಸೀಳುತ್ತದೆ. ಕಾರ್ಬುರೇಟರ್ ಇರುವ ಹಳೆಯ ಕಾರುಗಳಲ್ಲಿ ಪೆಟ್ರೋಲು ಪಂಪಿನಲ್ಲೇ ಆವಿಯಾಗಿ ಎಂಜಿನ್ ನಿಲ್ಲುವುದುಂಟು. ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಮುಂದೆ ಸಾಗುವುದು ಮೆಕ್ಯಾನಿಕರ ಹಳೆಯ ಮದ್ದು. ಕೊಳವೆಬಾವಿಯ ಗಡಸು ನೀರನ್ನು ರೇಡಿಯೇಟರಿಗೆ ಹಾಕಿದರೆ ಒಳಗೆ ಸುಣ್ಣದ ಪದರ ಕಟ್ಟುತ್ತದೆ. ಶುದ್ಧೀಕರಿಸಿದ ನೀರಿಗೆ ಕೂಲಂಟ್ ಬೆರೆಸಿ ಹಾಕುವುದೇ ಸರಿ.

ನಿಲ್ಲಿಸುವ ಜಾಗವೂ ಮುಖ್ಯ. ಮಳೆಗಾಲದಲ್ಲಿ ಎರೆಮಣ್ಣಿನ ನೆಲ ತಿಂಗಳುಗಟ್ಟಲೆ ತೇವ ಹಿಡಿದುಕೊಂಡು ಚಾಸಿಯನ್ನು ಕೆಳಗಿನಿಂದ ತಿನ್ನುತ್ತದೆ. ಶಹಾಬಾದು ಕಲ್ಲು ಹಾಸಿದ ನೆಲ ಇದಕ್ಕೆ ಅಗ್ಗದ ಪರಿಹಾರ. ತೊಗರಿಯ ಗೋದಾಮಿನ ಮೂಲೆಯಲ್ಲಿ ಕಾರನ್ನು ನಿಲ್ಲಿಸುವುದು ಸುಲಭವಾದರೂ ಕಾಳಿಗೆ ಬಂದ ಇಲಿಗಳು ವೈರಿಂಗನ್ನು ಬಿಡುವುದಿಲ್ಲ.

ಎಥನಾಲ್ ಶೇ 20ರಷ್ಟು ಬೆರೆತ ಪೆಟ್ರೋಲು 2023ರಿಂದ ಮಾರಾಟಕ್ಕೆ ಬಂದು ಈಗ ಸರ್ವತ್ರ ಹರಡಿದೆ. ಎಥನಾಲ್ ತೇವವನ್ನು ಹೀರುತ್ತದೆ; ಹಳೆಯ ರಬ್ಬರು ಪೈಪು ಮತ್ತು ಗ್ಯಾಸ್ಕೆಟ್ಟುಗಳನ್ನು ಮೆತ್ತಗೆ ಮಾಡುತ್ತದೆ. ಅವುಗಳನ್ನು ಎಥನಾಲ್ ತಾಳುವ ರಬ್ಬರಿಗೆ ಬದಲಿಸುವುದೂ, ಬಹುಕಾಲ ನಿಲ್ಲಿಸುವ ಕಾರಿನ ಟ್ಯಾಂಕಿನಲ್ಲಿ ಹಳೆಯ ಪೆಟ್ರೋಲು ಬಿಡದಿರುವುದೂ ಅಗತ್ಯ. ಮೂಲ ರೂಪಕ್ಕೆ ಇದರಿಂದ ಕುಂದಿಲ್ಲ. ಬೆಂಕಿಯ ಅಪಾಯದ ಮುಂದೆ ಪೈಪಿನ ಮೂಲತನ ಯಾವ ಲೆಕ್ಕ.

ಹದಿನೈದು ದಿನಕ್ಕೊಮ್ಮೆಯಾದರೂ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸುವುದು ಒಳ್ಳೆಯ ರೂಢಿ. ಕಲಬುರಗಿಯಿಂದ ಭೀಮಾ ನದಿಯನ್ನು ದಾಟಿ ಜೇವರ್ಗಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 50 ಇದಕ್ಕೆ ಅನುಕೂಲ. ಅಫಜಲಪುರದ ಕಡೆಗೆ ಕಬ್ಬು ನುರಿಸುವ ಕಾಲದಲ್ಲಿ ಟ್ರ್ಯಾಕ್ಟರುಗಳ ಸಾಲು, ಹುಣ್ಣಿಮೆಯಂದು ಗಾಣಗಾಪುರದ ಯಾತ್ರಿಕರ ದಟ್ಟಣೆ ಇರುತ್ತದೆ. ನೆಲಕ್ಕೆ ಹತ್ತಿರವಿರುವ ಕಾರಿಗೆ ಊರೂರಿನ ರಸ್ತೆ ಉಬ್ಬುಗಳೂ ಶತ್ರುಗಳೇ. ಬೇಸಿಗೆಯಲ್ಲಿ ಬೆಳಗಿನ ಜಾವವೇ ಓಡಾಟಕ್ಕೆ ತಕ್ಕ ಹೊತ್ತು. ಟಯರಿನ ಅಚ್ಚು ಸವೆಯದಿದ್ದರೂ ಆರೇಳು ವರ್ಷಕ್ಕೆ ಬದಲಿಸಬೇಕು.

ವಿಮೆ

ಭಾರತೀಯ ಮೋಟಾರು ವಿಮಾ ಸುಂಕಪಟ್ಟಿಯ ಪ್ರಕಾರ 5 ವರ್ಷ ಮೀರಿದ ಹಾಗೂ ಉತ್ಪಾದನೆ ನಿಂತ ಕಾರುಗಳ ವಿಮಾ ಮೌಲ್ಯವನ್ನು ವಿಮಾ ಕಂಪನಿ ಮತ್ತು ಮಾಲೀಕರು ಮಾತನಾಡಿ ನಿರ್ಧರಿಸಿಕೊಳ್ಳುತ್ತಾರೆ. ಹೆಚ್ಚಿನ ಮಾಲೀಕರು ಈ ಅವಕಾಶವನ್ನು ಬಳಸದೆ, ನಾಮಮಾತ್ರದ ಮೌಲ್ಯಕ್ಕೆ ಸಹಿ ಹಾಕುತ್ತಾರೆ. ಅಪಘಾತವಾದಾಗ ಕೈಗೆ ಬರುವುದು ಗುಜರಿಯ ಬೆಲೆ. ಕಾರಿನ ಚಿತ್ರಗಳು, ಬಿಡಿಭಾಗಗಳ ರಸೀತಿಗಳು ಮತ್ತು ದುರಸ್ತಿಯ ದಿನಾಂಕಗಳಿರುವ ಕಡತವನ್ನು ಮೊದಲ ದಿನದಿಂದಲೇ ಇಟ್ಟುಕೊಂಡರೆ ಮೌಲ್ಯದ ಮಾತುಕತೆಗೆ ಆಧಾರ ದೊರೆಯುತ್ತದೆ. 50 ವರ್ಷ ತುಂಬಿದಾಗ ವಿಂಟೇಜ್ ನೋಂದಣಿಯ ಅರ್ಜಿಗೆ ಮೂಲ ರೂಪವನ್ನು ತೋರಿಸಲೂ ಅದೇ ಕಡತ ನೆರವಾಗುತ್ತದೆ.